ಇನ್ನೊಂದೇ ಆಟ ಉಸ್ತಾದ್!

ಹಿರಿಯೂರಿನ ನಮ್ಮ ಮದ್ರಸ ಬಿಟ್ಟ ಕೂಡಲೇ ಮಕ್ಕಳು ಒಂದೇ ಮೊಬೈಲ್‌ಗೆ ಮುತ್ತಿಕೊಳ್ಳುತ್ತಾರೆ. ಏನಪ್ಪಾ ಅಂತ ಇಣುಕಿದರೆ ಮಾರಿಯೋ ಕಾರ್ಟ್. ಕಾರ್ಟೂನ್ ಗೊಂಬೆಗಳು ಪುಟ್ಟ ಗಾಡಿ ಓಡಿಸುತ್ತಾ ಹಿಂದಿನವರ ಚಕ್ರಕ್ಕೆ ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತವೆ, ಮುಂದಿನವರಿಗೆ ಆಮೆಚಿಪ್ಪು ಹೊಡೆಯುತ್ತವೆ. ಜಪಾನಿನ ನಿಂಟೆಂಡೊ ಕಂಪನಿ 1992ರಲ್ಲಿ ಶುರು ಮಾಡಿದ ಆಟ, 2019ರಲ್ಲಿ ಮೊಬೈಲ್‌ಗೂ ಬಂತು.

ಬರೀ ವೇಗದ ಹುಚ್ಚು ಅಂದುಕೊಂಡಿದ್ದೆವು. ಹಾಗಲ್ಲ. ಮುಂದಿರುವವನಿಗೆ ಸಿಗುವುದು ಹೆಚ್ಚಾಗಿ ಸಿಪ್ಪೆಯಂಥ ಸಣ್ಣ ಅಸ್ತ್ರ, ಕೊನೆಯವನಿಗೆ ಸಿಡಿಲಿನಂಥ ದೊಡ್ಡದು. ಸೋತವನೂ "ಇನ್ನೊಂದೇ ಆಟ ಉಸ್ತಾದ್" ಅನ್ನುವುದು ಅದಕ್ಕೇ. ಇದರಲ್ಲಿ ನಮಗೆ ದೊಡ್ಡ ತಪ್ಪೇನೂ ಕಾಣಲಿಲ್ಲ. ನಾವೂ ಲಗೋರಿ ಆಡಿದವರೇ.

ನಮ್ಮ ತಕರಾರು ಬೇರೆ. ಮೊಬೈಲ್ ಆಟದಲ್ಲಿ ಮೊದಲು ಒಂದು ಪೈಪ್ ಇತ್ತು. ಆಡಿ ಗಳಿಸಿದ ಮಾಣಿಕ್ಯ, ಸಾಲದಿದ್ದರೆ ದುಡ್ಡು ಕೊಟ್ಟು ಕೊಂಡದ್ದು, ಅದಕ್ಕೆ ಹಾಕಿದರೆ ಯಾವುದೋ ಗಾಡಿಯೋ ಚಾಲಕನೋ ಹೊರಗೆ ಬರುತ್ತದೆ. ಬೇಕಾದ್ದೇ ಬರುವ ಖಾತ್ರಿಯಿಲ್ಲ. ಲಾಟರಿಯಲ್ಲದೆ ಮತ್ತೇನು? 2022ರಲ್ಲಿ ಕಂಪನಿಯೇ ಅದನ್ನು ತೆಗೆದು, ನೋಡಿ ಕೊಳ್ಳುವ ಅಂಗಡಿ ಇಟ್ಟಿತು. ಬೇರೆ ಆಟಗಳಲ್ಲಿ ಇಂಥ ಪೆಟ್ಟಿಗೆಗಳು ಈಗಲೂ ಇವೆ. ಪ್ಲೇಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಮೊಬೈಲ್ ಕೊಡುವ ಮೊದಲು ಉಮ್ಮಂದಿರು ಅದೊಂದನ್ನು ನೋಡಿಕೊಳ್ಳಲಿ. ಪಾಸ್‌ವರ್ಡ್ ಮಾತ್ರ ಮಗನಿಗೆ ಗೊತ್ತಿಲ್ಲದ್ದಾಗಿರಲಿ.