ಮಳೆಯಿಂದ ಬೆಲೆಗೆ ಮೂರು ಹೆಜ್ಜೆ

ಪಾಟಿ ತಗೊಳ್ರಿ. 'ಮಳೆ' ಎಂದು ಬರೆಯಿರಿ. ಎರಡೇ ಅಕ್ಷರ.

ಈಗ 'ಮ' ಅಳಿಸಿ 'ಬ' ಬರೆಯಿರಿ. ಏನಾಯಿತು? ಬಳೆ.
'ಬ' ಅಕ್ಷರಕ್ಕೆ ಎತ್ವ ಕೊಡಿ. ಬೆಳೆ.
'ಳೆ' ಅಳಿಸಿ 'ಲೆ' ಬರೆಯಿರಿ. ಬೆಲೆ.

ನೋಡಿದಿರಾ? ಮಳೆಯಿಂದ ಹೊರಟು ಬೆಲೆಗೆ ಬಂದೆವು. ಇದೊಂದು ಆಟ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸಬೇಕು. ಕಾ, ಬೆ, ಹೂ ಇವೆಲ್ಲ ಒಂದೊಂದೇ ಅಕ್ಷರ ಎಂದು ಲೆಕ್ಕ. ನಡುವೆ ಬರುವ ಪ್ರತಿ ಶಬ್ದಕ್ಕೂ ಅರ್ಥ ಇರಬೇಕು. ಅರ್ಥ ಇಲ್ಲದ ಶಬ್ದ ಬಂದರೆ ಆಟ ಕೆಟ್ಟಿತು.

ಈ ಆಟ ಕಟ್ಟಿದವರು ಇಂಗ್ಲೆಂಡಿನ ಲೂಯಿಸ್ ಕ್ಯಾರಲ್. ಮಕ್ಕಳ ಕಥೆ ಬರೆದು ಹೆಸರಾದವರು, ಗಣಿತದ ಮೇಷ್ಟ್ರು. 1877ರ ಕ್ರಿಸ್ಮಸ್ ದಿನಗಳಲ್ಲಿ ಇಬ್ಬರು ಹುಡುಗಿಯರು 'ನಮಗೆ ಮಾಡಲು ಏನೂ ಕೆಲಸವಿಲ್ಲ' ಎಂದರಂತೆ. ಅವರಿಗಾಗಿ ಇದನ್ನು ಮಾಡಿದರು. 1879ರಲ್ಲಿ ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. 'ತಲೆ' ಎಂಬ ಇಂಗ್ಲಿಷ್ ಶಬ್ದವನ್ನು 'ಬಾಲ' ಮಾಡಿ ತೋರಿಸಿದ್ದರು. ನಡುವೆ 4 ಶಬ್ದ ಬೇಕಾದವು. ನಮ್ಮ ಮಳೆಗೆ ಎರಡೇ ಸಾಕಾದವು!

ಆಟವೇನೋ ಸರಿ, ಇದರಿಂದ ಏನು ಲಾಭ ಎನ್ನುತ್ತೀರಾ? ಅಕ್ಕಲಕೋಟೆ ಕಡೆಯ ನಮ್ಮ ಕೇಂದ್ರದ ಒಬ್ಬ ಅಕ್ಕ ಮಗಳಿಗೆ ಮೊದಲ ಸಲ ತಾವೇ ಕಾಗದ ಬರೆದರು. 'ತೊಗರಿ ಬೆಲೆ ಬಿದ್ದಿದೆ' ಎಂದು ಬರೆಯಬೇಕಿತ್ತು. 'ತೊಗರಿ ಬೆಳೆ ಬಿದ್ದಿದೆ' ಎಂದು ಬರೆದರು. ಹೊಲವೇ ಹಾಳಾಯಿತೆಂದು ಮಗಳು ಗಾಬರಿಯಾಗಿ, ಕೂಸು ಕಟ್ಟಿಕೊಂಡು ಸೊಲ್ಲಾಪುರದಿಂದ ಬಸ್ ಹತ್ತಿ ಬಂದಳು. ಬಂದು ನೋಡಿದರೆ ತೊಗರಿ ಚೀಲ ಮನೆಯಲ್ಲೇ ಇದ್ದವು. 'ಅವ್ವಾ, ಇದು ಲ ಅಲ್ಲ, ಳ' ಎಂದು ಮಗಳು ಬೆರಳಿಟ್ಟು ತೋರಿಸಿದಳಂತೆ. ಆ ಅಕ್ಕ ಇದನ್ನು ನಕ್ಕೋತ ಹೇಳಿದರು. ಆದರೆ ಅಂದಿನಿಂದ 'ಲ' ಬರೆಯುವಾಗ ಒಂದು ಗಳಿಗೆ ನಿಲ್ಲುತ್ತಾರೆ.

ಬಾಯಲ್ಲಿ ನಾವು ತಪ್ಪುವುದಿಲ್ಲ. ಮರಾಠಿ ಆಡುವಾಗಲೂ ಅಷ್ಟೆ. ಕೇಳೆ ಅಂದರೆ ಬಾಳೆಹಣ್ಣು, ಕೇಲೆ ಅಂದರೆ ಮಾಡಿದ್ದು. ಯಾರೂ ಕಲಿಸದಿದ್ದರೂ ಗೊತ್ತು. ಕೈಗೆ ಮಾತ್ರ ಇನ್ನೂ ರೂಢಿಯಾಗಬೇಕು.

ಇನ್ನೊಂದು ಮಾತು. ನಾವು ಮನೆಯಲ್ಲಿ ಮಳಿ, ಬೆಳಿ, ಬಳಿ ಅಂತೀವಿ. ಅದೇನೂ ತಪ್ಪಲ್ಲ, ನಮ್ಮ ಕಡೆಯ ಮಾತು. ಆದರೆ ಪುಸ್ತಕದಲ್ಲಿ 'ಬಳಿ' ಎಂದರೆ ಹತ್ತಿರ. ಕೈಗೆ ಹಾಕುವುದು 'ಬಳೆ'. ಬರೆಯುವಾಗ ಇದು ನೆನಪಿರಲಿ.

ಈಗ ನಿಮ್ಮ ಸರದಿ. ಕರುವಿನಿಂದ ಹಾಲಿಗೆ ಬನ್ನಿ.

ಕರು – ಕಾ__ – ಕಾ__ – ಹಾಲು

ಮುಗಿಯಿತೇ? ಇನ್ನು ಕಾಲಿನಿಂದ ಹೂವಿಗೆ ಹೋಗಿ. ನಡುವೆ ಎರಡು ಶಬ್ದ. ಹುಷಾರು, ಅದರಲ್ಲಿ ಒಂದು ಕಚ್ಚುತ್ತದೆ!

(ಉತ್ತರ: ಕಾರು, ಕಾಲು. ಹಾಲು, ಹಾವು.)