ಗಾಜಿನ ತೊಟ್ಟಿಯ ಕುಬ್ಜ ಸಿಕ್ಲಿಡ್‌ಗಳು

ಮತ್ಸ್ಯಪಾಲಕರಲ್ಲಿ ಸಿಕ್ಲಿಡ್ ಕುಲದ ಹೆಸರೆತ್ತಿದೊಡನೆ ಕಲಹಪ್ರಿಯತೆಯೇ ನೆನಪಿಗೆ ಬರುವುದು ಅಸಹಜವೇನಲ್ಲ. ಆಸ್ಕರ್ ಮೊದಲಾದ ದೊಡ್ಡ ಜಾತಿಗಳು ಬಾಯಿಗೆ ಹಿಡಿಸುವ ಸಹವಾಸಿಗಳನ್ನು ನುಂಗಿ, ಗಿಡಗಳನ್ನು ಬುಡಸಮೇತ ಕಿತ್ತುಹಾಕುವುದುಂಟು. ಆದರೆ ಅದೇ ಕುಲದಲ್ಲಿ, ಬೆರಳುದ್ದವನ್ನು ಮೀರದೆ, ಇತರ ಸಣ್ಣ ಮೀನುಗಳೊಡನೆ ಸೌಮ್ಯವಾಗಿ ಬಾಳಬಲ್ಲ ಕುಬ್ಜ ಜಾತಿಗಳೂ ಇವೆ. ಅವುಗಳ ಸೌಮ್ಯತೆ ಕೇವಲ ಸ್ವಭಾವದಿಂದ ಬಂದುದಲ್ಲ, ಬಹುಮಟ್ಟಿಗೆ ಪಾಲಕನು ತೊಟ್ಟಿಯನ್ನು ಅಣಿಗೊಳಿಸಿದ ಕ್ರಮದಿಂದ ಬಂದುದು ಎಂಬುದೇ ನನ್ನ ದೃಢವಾದ ಅಭಿಪ್ರಾಯ.

ಇವುಗಳಲ್ಲಿ ಅಗ್ರಗಣ್ಯವಾದುದು ರ‍್ಯಾಮ್. ವೆನೆಜುವೆಲಾ ಮತ್ತು ಕೊಲಂಬಿಯಾ ದೇಶಗಳಲ್ಲಿ ಒರಿನೋಕೊ ನದಿಯ ಬಯಲುಸೀಮೆಯ ಬೆಚ್ಚನೆಯ ನೀರಿನಲ್ಲಿ ಹುಟ್ಟಿ, 1948ರಲ್ಲಿ ಶಾಸ್ತ್ರೀಯ ನಾಮಕರಣವನ್ನು ಪಡೆದ ಈ ಮೀನು, ಸುಮಾರು 5 ಸೆಂಟಿಮೀಟರಿನ ಪುಟ್ಟ ಮೈಯಲ್ಲಿ ಹಳದಿ, ನೀಲಿ, ಕೆಂಪುಗಳನ್ನು ಧರಿಸಿರುತ್ತದೆ. ದಕ್ಷಿಣ ಅಮೆರಿಕದ ಏಪಿಸ್ಟೋಗ್ರಾಮಾ ಪಂಗಡದ ಅಗಾಸಿಝಿ, ಕಾಕಟೂವಾಯ್ಡಿಸ್ ಮುಂತಾದುವು ಇದರ ಬಂಧುಗಳು. ಹೊಸಬರಿಗೆ ಬೊಲಿವಿಯಾದ ರ‍್ಯಾಮ್ ಲೇಸು. ಬಣ್ಣದಲ್ಲಿ ಹಿಂದಾದರೂ ಸಹಿಷ್ಣುತೆಯಲ್ಲಿ ಅದು ಮುಂದು.

ನೀರಿನ ವಿಷಯದಲ್ಲಿ ಆತುರಪಡತಕ್ಕದ್ದಲ್ಲ. ಮಲದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿಯೂ, ಅದನ್ನು ಮತ್ತೆ ನೈಟ್ರೇಟಾಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ಹಲವು ವಾರಗಳು ಬೇಕಾಗುತ್ತವೆ. ಹೊಸ ತೊಟ್ಟಿಗೆ ಬಿಟ್ಟ ರ‍್ಯಾಮ್ ಬದುಕುವುದು ಅಪರೂಪ. ಅದಕ್ಕೆ 27ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ, ಲವಣ ಕಡಿಮೆಯಿರುವ, ತುಸು ಆಮ್ಲೀಯವಾದ ಮೃದುಜಲವೂ ಬೇಕಾದುದರಿಂದ, ಬೆಂಗಳೂರಿನ ಚಳಿಗಾಲದ ರಾತ್ರಿಗಳಲ್ಲಿ ಹೀಟರು ಅನಿವಾರ್ಯ. ಕೊಳವೆಬಾವಿಯ ಗಡಸುನೀರಿಗೆ ಶುದ್ಧವಾದ ಮಳೆನೀರನ್ನು ಬೆರೆಸುವುದು ಒಳ್ಳೆಯದು. ನಮ್ಮ ಬೀದಿಗಳಲ್ಲಿ ಉದುರುವ ಕಾಡುಬಾದಾಮಿಯ ಒಣ ಎಲೆಯನ್ನು ತೊಳೆದು ಹಾಕಿದರೆ ಅದರ ಟ್ಯಾನಿನ್ ನೀರಿಗೆ ತಿಳಿ ಚಹಾದ ಬಣ್ಣವನ್ನು ಕೊಟ್ಟು, ಈ ಮೀನುಗಳ ಹುಟ್ಟೂರಿನ ತೊರೆಗಳ ಗುಣಕ್ಕೆ ಅದನ್ನು ಹತ್ತಿರ ತರುತ್ತದೆ.

ಇನ್ನು ನೆಲದ ಹಂಚಿಕೆ. ಕುಬ್ಜ ಸಿಕ್ಲಿಡ್ ತಳಕ್ಕೆ ಹೊಂದಿಕೊಂಡ ಜೀವಿ. ಮರಳನ್ನು ಬಾಯಲ್ಲಿ ತುಂಬಿ ಕಿವಿರುಗಳ ಮೂಲಕ ಜರಡಿಹಿಡಿದು ಆಹಾರವನ್ನು ಆಯುತ್ತದೆ. ಆದುದರಿಂದ ತೊಟ್ಟಿಯ ಎತ್ತರಕ್ಕಿಂತ ಅಡಿಯ ವಿಸ್ತಾರವೇ ಮುಖ್ಯ. ಒಂದು ಜೋಡಿಗೆ 60 ಸೆಂಟಿಮೀಟರ್ ಉದ್ದವಾದರೂ ಇರಲಿ, ಚೂಪುಗಲ್ಲುಗಳ ಬದಲು ನುಣ್ಣನೆಯ ಮರಳಿರಲಿ. ಕಟ್ಟಿಗೆ, ಕಲ್ಲು, ಗಿಡಗಳಿಂದ ದೃಷ್ಟಿಗೆ ಮರೆಗಳನ್ನು ರಚಿಸಿದಲ್ಲಿ ಒಬ್ಬರ ಎಲ್ಲೆ ಇನ್ನೊಬ್ಬರ ಕಣ್ಣಿಗೆ ಬೀಳದೆ ಜಗಳಗಳು ತಾವಾಗಿಯೇ ಇಳಿಯುತ್ತವೆ. ಬೋರಲು ಹಾಕಿದ ಅರ್ಧ ತೆಂಗಿನ ಚಿಪ್ಪಿಗೆ ಬಾಗಿಲು ಕೊರೆದರೆ ಏಪಿಸ್ಟೋಗ್ರಾಮಾಕ್ಕೆ ಸೊಗಸಾದ ಗುಹೆಯಾಯಿತು. ಮೇಲ್ಭಾಗದಲ್ಲಿ ಕಾರ್ಡಿನಲ್ ಟೆಟ್ರಾಗಳ ಗುಂಪೊಂದು ನಿರ್ಭಯವಾಗಿ ಓಡಾಡುತ್ತಿದ್ದರೆ, ಅಪಾಯವಿಲ್ಲವೆಂದರಿತು ನಾಚಿಕೆಯ ಸಿಕ್ಲಿಡ್ ಹೊರಬರುತ್ತದೆ. ರೆಕ್ಕೆ ಕಚ್ಚುವ ಟೈಗರ್ ಬಾರ್ಬ್ ಮಾತ್ರ ಬೇಡ.

ರ‍್ಯಾಮ್ ದಂಪತಿಗಳು ಚಪ್ಪಟೆ ಕಲ್ಲನ್ನು ಶುಚಿಗೊಳಿಸಿ, ಮೊಟ್ಟೆಯಿಟ್ಟು, ಸರದಿಯ ಮೇಲೆ ರೆಕ್ಕೆಯಿಂದ ಗಾಳಿಬೀಸುತ್ತಾ ಕಾಯುವ ದೃಶ್ಯವನ್ನು ಕಂಡವರಿಗೆ ಮೇಲಿನ ಶ್ರಮವೆಲ್ಲ ಸಾರ್ಥಕವೆನಿಸುತ್ತದೆ. ಏಪಿಸ್ಟೋಗ್ರಾಮಾದಲ್ಲಾದರೋ ಗುಹೆಯೊಳಗಿನ ಪಾಲನೆ ತಾಯಿಯದು. ಆ ದಿನಗಳಲ್ಲಿ ಅವಳ ಮೈ ಅಚ್ಚಹಳದಿಗೆ ತಿರುಗಿ, ಮೇಲೆ ಕಪ್ಪು ಗುರುತುಗಳು ಮೂಡುತ್ತವೆ, ಮತ್ತು ತನಗಿಂತ ದೊಡ್ಡದಾದ ಗಂಡನ್ನೂ ಅವಳು ದೂರ ಅಟ್ಟಬಲ್ಲಳು. ಆಗ ಅವನಿಗೆ ಓಡಿ ಅವಿತುಕೊಳ್ಳಲು ಮತ್ತೊಂದು ಮರೆ ಇರಲೇಬೇಕು. ಅಂಗಡಿಗಳಲ್ಲಿ ಕಾಣುವ, ಬೆನ್ನೆಲುಬು ಕುಗ್ಗಿ ಉಬ್ಬಿದ 'ಬಲೂನ್' ತಳಿಗಳನ್ನು ಕೊಳ್ಳಬಾರದೆಂದು ನಾನು ಒತ್ತಿ ಹೇಳುತ್ತೇನೆ. ವಿರೂಪವನ್ನು ಅಲಂಕಾರವೆಂದು ಮಾರುವುದು ಸಲ್ಲದು.

ನಮ್ಮ ಕರಾವಳಿಯ ನದಿ, ಹಿನ್ನೀರುಗಳಲ್ಲೂ ಸಿಕ್ಲಿಡ್‌ಗಳಿವೆಯೆಂಬುದು ಅನೇಕರಿಗೆ ತಿಳಿಯದು. ಭಾರತದ ಮೂಲನಿವಾಸಿಗಳಾದ ಮೂರೇ ಜಾತಿಗಳಲ್ಲಿ ಚಿಕ್ಕದಾದ ಕಿತ್ತಳೆ ಕ್ರೋಮೈಡ್ ಸುಮಾರು 8 ಸೆಂಟಿಮೀಟರ್ ಬೆಳೆಯುತ್ತದೆ. ಅದರ ಮರಿಗಳು ತಾಯಿತಂದೆಯರ ಮೈಯ ಲೋಳೆಯನ್ನು ಮೆಲುವಾಗಿ ಕಚ್ಚಿ ತಿನ್ನುತ್ತವೆ. ಸಾಕಲು ಯೋಗ್ಯವಾದ ಮೀನೇ ಹೌದು, ಆದರೆ ಅದಕ್ಕೆ ಹಿತವಾದುದು ತುಸು ಉಪ್ಪುಬೆರೆತ ನೀರು. ರ‍್ಯಾಮಿನ ಜೊತೆಗಿಡದೆ ಅದಕ್ಕೆ ಪ್ರತ್ಯೇಕ ತೊಟ್ಟಿಯನ್ನೇ ಮೀಸಲಿಡಬೇಕು.