ಕಂಪ್ಯೂಟರ್ ಪಹಣಿಯ ಹಿಂದಿನ ಸೋತ ಪ್ರಯೋಗ

ಹುತ್ತೂರು ಹೋಬಳಿಯ ರೈತರಿಗೆ ನಾಡಕಚೇರಿಯಲ್ಲಿ ಸರ್ವೆ ನಂಬರ್ ಹೇಳಿ ಪಹಣಿ ಪಡೆಯುವುದು ಇಂದು ಮಾಮೂಲಿ ಕೆಲಸ. ಈ ವ್ಯವಸ್ಥೆಯ ಮೂಲ ಹುಡುಕುತ್ತ ಹೋದರೆ ಕಲಬುರಗಿಯಲ್ಲಿ ಸೋತ ಪ್ರಯೋಗವೊಂದು ಎದುರಾಗುತ್ತದೆ. 1990ರ ದಶಕದ ಆರಂಭದಲ್ಲಿ ಕೇಂದ್ರದ ನೆರವಿನಿಂದ ಅಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಕಂಪ್ಯೂಟರ್ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ, ಕಡತಗಳು ತಾಲ್ಲೂಕಿನಲ್ಲಿ, ಪಹಣಿ ತಿದ್ದುವ ಪೆನ್ನು ಗ್ರಾಮ ಲೆಕ್ಕಿಗರ ಕೈಯಲ್ಲಿ. ಅಪ್ಪನ ಜಮೀನು ಮಕ್ಕಳಿಗೆ ಪಾಲಾದ ಮರುದಿನವೇ ಕಂಪ್ಯೂಟರಿನ ಮಾಹಿತಿ ಹಳತಾಗುತ್ತಿತ್ತು. ಅದೇ ಮಾದರಿ ಬೇರೆ ಜಿಲ್ಲೆಗಳಿಗೆ ಹೋದಾಗ ದೋಷವೂ ಜೊತೆಗೇ ಹೋಯಿತು. ಕಚೇರಿ ಕೆಲಸ ಸುಧಾರಿಸಬೇಕೆನ್ನುವವರು ಸಣ್ಣದಾಗಿ ಶುರುಮಾಡಿದರಷ್ಟೇ ಸಾಲದು, ಕೆಲಸ ದಿನವೂ ಎಲ್ಲಿ ನಿಂತುಹೋಗುತ್ತದೋ ಅಲ್ಲೇ ಪ್ರಯೋಗ ನಡೆಸಬೇಕು.

ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ‘ಭೂಮಿ’ ಯೋಜನೆ ರೂಪುಗೊಂಡಾಗ ಪ್ರಯೋಗ ತಾಲ್ಲೂಕು ಕಚೇರಿಯೊಳಕ್ಕೇ ಬಂತು. ಮಂಡ್ಯ ಜಿಲ್ಲೆಯ ಮದ್ದೂರಿನಂಥ ಕೆಲವೇ ತಾಲ್ಲೂಕುಗಳಲ್ಲಿ ಮೊದಲು ಪರೀಕ್ಷೆ ನಡೆಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು. ಬೆರಳ ಗುರುತು ಕೊಡದೆ ಯಾವ ನೌಕರರೂ ದಾಖಲೆ ತಿದ್ದುವಂತಿಲ್ಲ. ಒಳಗೆ ಏನು ನಡೆಯುತ್ತಿದೆಯೆಂದು ರೈತರೂ ನೋಡಲೆಂದು ಕೌಂಟರಿನಲ್ಲಿ ಅವರ ಕಡೆಗೆ ತಿರುಗಿಸಿಟ್ಟ ಎರಡನೇ ಪರದೆ. ಪಹಣಿಗೆ ಆಗ 15 ರೂಪಾಯಿ. ಇಷ್ಟಾದರೂ ನನಗೆ ನಿರ್ಣಾಯಕವಾಗಿ ಕಾಣುವುದು ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿದ ನಿರ್ಧಾರ. ಹಳೆಯ ದಾರಿ ತೆರೆದೇ ಇದ್ದಿದ್ದರೆ ಕಂಪ್ಯೂಟರ್ ಬರೀ ತೋರಿಕೆಗೆ ಉಳಿಯುತ್ತಿತ್ತು. 2002ರ ಹೊತ್ತಿಗೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಈ ವ್ಯವಸ್ಥೆಯೊಳಗೆ ಬಂದವು.

ಪ್ರಯೋಗಕ್ಕೆ ಆರಿಸಿದ ತಾಲ್ಲೂಕಿಗೆ ಮೇಲಧಿಕಾರಿಗಳ ಕಣ್ಗಾವಲು ಇರುತ್ತದೆ, ಉತ್ಸಾಹಿ ತಹಶೀಲ್ದಾರರೂ ಸಿಗುತ್ತಾರೆ, ಹಾಗಾಗಿ ಅಲ್ಲಿನ ಗೆಲುವನ್ನು ನಂಬುವಂತಿಲ್ಲ ಎನ್ನುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಸರದಿ, ಬೆರಳ ಗುರುತುಗಳನ್ನು ಸಾಫ್ಟ್‌ವೇರಿನಲ್ಲೇ ಕೂರಿಸಿದ್ದಕ್ಕೆ ಬೆಲೆ ಬರುವುದು ಇಲ್ಲಿಯೇ: ತಹಶೀಲ್ದಾರರಿಗೆ ವರ್ಗವಾದರೂ ನಿಯಮಕ್ಕೆ ವರ್ಗವಿಲ್ಲ. ಇನ್ನೊಂದು ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರ ಸಿಗುವುದಿಲ್ಲ. ಊರಲ್ಲೇ ಸಿಗುತ್ತಿದ್ದ ಪಹಣಿಗಾಗಿ ಕೂಲಿ ಬಿಟ್ಟು, ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಯಿತು. ಲಂಚ ತಪ್ಪಿಸುವ ಲೆಕ್ಕದಲ್ಲಿ ಈ ಖರ್ಚು ಸೇರಿರಲಿಲ್ಲ. ನಾಡಕಚೇರಿಗಳಲ್ಲಿ ಸೇವೆ ಸಿಗತೊಡಗಿದ ಮೇಲಷ್ಟೇ ಆ ಕೊರತೆ ಕಡಿಮೆಯಾಯಿತು. ಹಳೆಯ ಪುಸ್ತಕದ ತಪ್ಪುಗಳಂತೂ ಕಂಪ್ಯೂಟರಿಗೂ ಹಾಗೇ ಬಂದಿವೆ. ಪೋಡಿಯಾಗದ, ಹಲವರ ಹೆಸರಿರುವ ಸರ್ವೆ ನಂಬರುಗಳಿಗೆ ಇಂದಿಗೂ ಭೂಮಾಪಕರು ಜಮೀನಿಗೇ ಬಂದು ಅಳೆಯಬೇಕು.